ರೋಯಿಂಗ್ ಮಷೀನ್ ಮೇಲೆ ಮೊದಲ ಹನ್ನೆರಡು ವಾರ: ಜಾನೀನ್ ಗ್ಮೆಲಿನ್ ಹಾದಿ ನೋಡಿ ಕಲಿಯುವವರಿಗೆ

ಹುಬ್ಬಳ್ಳಿ-ಧಾರವಾಡದ ಹಲವು ಜಿಮ್‌ಗಳಲ್ಲಿ ಈಗ ರೋಯಿಂಗ್ ಮಷೀನ್, ಅಂದರೆ ದೋಣಿಗೆ ಹುಟ್ಟು ಹಾಕಿದಂತೆ ಕೂತಲ್ಲೇ ವ್ಯಾಯಾಮ ಮಾಡಿಸುವ ಯಂತ್ರ, ಕಾಣುತ್ತದೆ. ಟ್ರೆಡ್‌ಮಿಲ್ ಖಾಲಿ ಇಲ್ಲದಾಗ ಅದರ ಮೇಲೆ ಕೂತು ಐದು ನಿಮಿಷ ಕೈ ಜಗ್ಗಿ ಎದ್ದು ಹೋಗುವವರೇ ಹೆಚ್ಚು. ಅವರು ಹಾಗೆ ಎದ್ದು ಹೋಗುವುದಕ್ಕೆ ಕಾರಣ ಒಂದೇ: ಅದನ್ನು ಕೈಯಿಂದ ಜಗ್ಗುವ ಯಂತ್ರ ಅಂದುಕೊಂಡಿರುತ್ತಾರೆ. ಅದು ಕಾಲಿನಿಂದ ತಳ್ಳುವ ಯಂತ್ರ. ಈ ಬರಹದ ಮುಕ್ಕಾಲು ಪಾಲು ಅದೊಂದನ್ನೇ ಬಿಡಿಸಿ ಹೇಳುತ್ತದೆ. ಹೈಸ್ಕೂಲು, ಪಿಯುಸಿ ಹುಡುಗಿಯರಿಗೆ ಮತ್ತು ಅವರ ಪಿ.ಟಿ. ಮೇಷ್ಟ್ರುಗಳಿಗೆ ಬರೆದದ್ದು. ಗದಗ, ಹಾವೇರಿಯಲ್ಲಿ ಮಷೀನ್ ಸಿಕ್ಕವರಿಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ಈ ಆಟದ ತುದಿ ಎಲ್ಲಿದೆ ಅಂತ ಒಂದು ಸಲ ನೋಡಿಬಿಡೋಣ. ಜಾನೀನ್ ಗ್ಮೆಲಿನ್ ಸ್ವಿಟ್ಜರ್ಲೆಂಡಿನ ಹುಡುಗಿ, ಹುಟ್ಟಿದ್ದು 1990ರಲ್ಲಿ, ಜ್ಯೂರಿಕ್ ಪ್ರಾಂತ್ಯದ ಊಸ್ಟರ್ ಎಂಬ ಊರಿನವಳು. ಅವಳ ಸ್ಪರ್ಧೆ ಸಿಂಗಲ್ ಸ್ಕಲ್: ಒಂದು ದೋಣಿ, ಒಬ್ಬಳೇ, ಎರಡು ಕೈಗೆ ಎರಡು ಹುಟ್ಟು, 2000 ಮೀಟರ್. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ ಐದನೆಯವಳಾದಳು. ಮರುವರ್ಷ, 2017ರಲ್ಲಿ, ಅಮೆರಿಕದ ಸಾರಸೋಟಾದಲ್ಲಿ ವಿಶ್ವ ಚಾಂಪಿಯನ್. 2018ರಲ್ಲಿ ಬಲ್ಗೇರಿಯಾದ ಪ್ಲೊವ್ಡಿವ್‌ನಲ್ಲಿ ಐರ್ಲೆಂಡಿನ ಸನಿತಾ ಪುಷ್ಪುರೆ ಚಿನ್ನ ಗೆದ್ದಾಗ ಇವಳಿಗೆ ಬೆಳ್ಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮತ್ತೆ ಐದನೆಯ ಸ್ಥಾನ. ಒಲಿಂಪಿಕ್ ಪದಕ ಇಲ್ಲ. ಆದರೂ ಐದು ವರ್ಷದ ಅಂತರದಲ್ಲಿ ಎರಡು ಒಲಿಂಪಿಕ್ ಫೈನಲ್, ನಡುವೆ ಒಂದು ವಿಶ್ವ ಪಟ್ಟ. ಇಷ್ಟು ವರ್ಷ ಜಗತ್ತಿನ ಮೊದಲ ಆರರಲ್ಲಿ ಉಳಿಯುವುದು ಒಂದು ದಿನದ ಗೆಲುವಿಗಿಂತ ಕಷ್ಟದ ಕೆಲಸ. ರಿಯೋದಲ್ಲಿ ಇವಳಿಗಿಂತ ಒಂದೇ ಸ್ಥಾನ ಮುಂದಿದ್ದ ನ್ಯೂಜಿಲೆಂಡಿನ ಎಮಾ ಟ್ವಿಗ್ 2012ರಲ್ಲಿ ನಾಲ್ಕನೆಯವಳು, 2016ರಲ್ಲೂ ನಾಲ್ಕನೆಯವಳು, ಟೋಕಿಯೊದಲ್ಲಿ ಚಿನ್ನ. ಅವಳ ಸಮಯ 7 ನಿಮಿಷ 13.97 ಸೆಕೆಂಡ್. ಅಂದರೆ ಪ್ರತಿ 500 ಮೀಟರ್‌ಗೆ ಸುಮಾರು 1 ನಿಮಿಷ 48 ಸೆಕೆಂಡ್, ಸತತ ನಾಲ್ಕು ಸಲ.

ಒಂದು ಸಲ ತಳ್ಳಿ ಮರಳಿ ಬಂದರೆ ಒಂದು ಸ್ಟ್ರೋಕ್. ನಿಮಿಷಕ್ಕೆ 32 ಸ್ಟ್ರೋಕ್ ಲೆಕ್ಕ ಹಿಡಿದರೂ ಇಡೀ ರೇಸ್ 230 ಸ್ಟ್ರೋಕಿನ ಆಸುಪಾಸು ಮುಗಿಯುತ್ತದೆ. ನಿಧಾನದ ಒಂದು ತಾಸಿನ ತಾಲೀಮಿನಲ್ಲಿ, ನಿಮಿಷಕ್ಕೆ 18ರಂತೆ, 1080 ಸ್ಟ್ರೋಕ್ ಆಗುತ್ತವೆ. ಹಾಗಾಗಿ ತಾಲೀಮಿನಲ್ಲಿ ತಪ್ಪು ಕಲಿತರೆ ರೇಸಿನ ಐದು ಪಟ್ಟು ತಪ್ಪನ್ನು ದಿನಾ ಗಟ್ಟಿ ಮಾಡಿಕೊಂಡಂತೆ.

ಮಷೀನ್ ಹೊಂದಿಸುವುದು

ಜಿಮ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಗಾಳಿಚಕ್ರದ ಕಾನ್ಸೆಪ್ಟ್2 ಮಾದರಿ. ಅದರ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿ ಇರುವ ಒಂದು ಹಿಡಿ ಇದೆ, ಅದೇ ಡ್ಯಾಂಪರ್. ಬಂದವರೆಲ್ಲ ಅದನ್ನು 10ಕ್ಕೆ ತಳ್ಳುತ್ತಾರೆ, ಗಟ್ಟಿ ವ್ಯಾಯಾಮ ಆಗಲಿ ಅಂತ. ಡ್ಯಾಂಪರ್ ವ್ಯಾಯಾಮದ ಗಟ್ಟಿತನ ಅಲ್ಲ, ಸೈಕಲ್ಲಿನ ಗೇರ್ ಇದ್ದ ಹಾಗೆ. ಚಕ್ರಕ್ಕೆ ಎಷ್ಟು ಗಾಳಿ ಹೋಗಬೇಕು ಅಂತ ಮಾತ್ರ ಅದು ನಿರ್ಧರಿಸುತ್ತದೆ. 10ರಲ್ಲಿ ಚಕ್ರ ಬೇಗ ನಿಧಾನವಾಗುತ್ತದೆ, ಪ್ರತಿ ಸ್ಟ್ರೋಕಿನಲ್ಲೂ ನಿಂತ ಎತ್ತಿನಗಾಡಿ ತಳ್ಳಿದಂತೆ ಆಗಿ ಸೊಂಟಕ್ಕೆ ಪೆಟ್ಟು. ಹಗುರ ದೋಣಿ ಹಾಗಿರುವುದಿಲ್ಲ. ಸಿಂಗಲ್ ಸ್ಕಲ್ ದೋಣಿ ಸುಮಾರು 8 ಮೀಟರ್ ಉದ್ದ ಇದ್ದರೂ ನಿಯಮದ ಕನಿಷ್ಠ ತೂಕ 14 ಕೆ.ಜಿ. ಮಾತ್ರ, ಮನೆಯ ಸಿಲಿಂಡರಿನೊಳಗಿನ ಗ್ಯಾಸಿಗಿಂತ ಕಡಿಮೆ.

ಡ್ಯಾಂಪರಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಪರದೆಯಲ್ಲಿ ‘ಮೋರ್ ಆಪ್ಶನ್ಸ್’ ಒಳಗೆ ‘ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್’ ಇದೆ. ಅದನ್ನು ಒತ್ತಿ ಹತ್ತು ಸ್ಟ್ರೋಕ್ ಹಾಕಿ, ಗಾಳಿ ಚಕ್ರವನ್ನು ಎಷ್ಟು ತಡೆಯುತ್ತಿದೆ ಅಂತ ಹೇಳುವ ಒಂದು ಸಂಖ್ಯೆ ಬರುತ್ತದೆ. ಹುಡುಗಿಯರಿಗೆ 110ರಿಂದ 120ರ ನಡುವೆ ಇರಲಿ. ಹೊಸ ಮಷೀನಿನಲ್ಲಿ ಡ್ಯಾಂಪರ್ 3 ಅಥವಾ 4ಕ್ಕೇ ಇದು ಸಿಗುತ್ತದೆ. ನಮ್ಮ ಕಡೆ ಬೇಸಿಗೆಯ ಧೂಳು, ಹತ್ತಿಯ ನವಿರು ಚಕ್ರದ ಜಾಲರಿಗೆ ಅಂಟಿಕೊಂಡರೆ ಗಾಳಿ ಕಟ್ಟಿ, ಅದೇ 4ಕ್ಕೆ 90 ತೋರಿಸಬಹುದು. ಆಗ ಹಿಡಿಯನ್ನು 5ಕ್ಕೋ 6ಕ್ಕೋ ಏರಿಸಿ ಸಂಖ್ಯೆಯನ್ನು ಮತ್ತೆ 110ಕ್ಕೆ ತನ್ನಿ. ಎರಡು ಬೇರೆ ಜಿಮ್‌ನ ಸಮಯ ಹೋಲಿಸಬೇಕಾದರೆ ಈ ಸಂಖ್ಯೆ ಒಂದೇ ಇರಲೇಬೇಕು.

ಪಾದದ ಪಟ್ಟಿ ಬೆರಳುಗಳ ಬುಡದ ಗುಂಟ, ಪಾದದ ಅತಿ ಅಗಲದ ಜಾಗದ ಮೇಲೆ ಹಾಯಬೇಕು. ಮೇಲೆ ಕಣಕಾಲಿಗೆ ಬಂದರೆ ಮುಂದೆ ಬಗ್ಗಲು ಆಗದು, ತೀರಾ ಕೆಳಗೆ ಬೆರಳ ತುದಿಗೆ ಬಂದರೆ ಕಾಲು ಜಾರುತ್ತದೆ. ಸೀಟಿನ ಮೇಲೆ ಬಾಲಮೂಳೆ ಊರಿ ಕೂಡಬೇಡಿ. ಕುರ್ಚಿಯ ತುದಿಗೆ ನೆಟ್ಟಗೆ ಕೂತಾಗ ಕೆಳಗೆ ಎರಡು ಗಟ್ಟಿ ಎಲುಬು ಒತ್ತುತ್ತವಲ್ಲ, ಅವುಗಳ ಮೇಲೆ ಕೂಡಬೇಕು.

ಒಂದು ಸ್ಟ್ರೋಕ್

ಹಗ್ಗಜಗ್ಗಾಟ ಆಡಿದವರಿಗೆ ಈ ಭಾಗ ಅರ್ಧ ಗೊತ್ತಿರುತ್ತದೆ. ಗಟ್ಟಿ ತಂಡ ಕೈ ಮಡಚುವುದಿಲ್ಲ. ತೋಳು ನೀಟಾಗಿ ಚಾಚಿ, ಹಿಮ್ಮಡಿ ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಹಗ್ಗಕ್ಕೆ ತೂಗುಹಾಕಿ ತೊಡೆಯಿಂದ ನೂಕುತ್ತದೆ. ಕೈ ಮಡಚಿ ಎದೆಗೆ ಎಳೆಯಲು ಹೋದವರು ಮೊದಲು ಸೋಲುತ್ತಾರೆ, ಯಾಕಂದರೆ ತೋಳಿನ ಸ್ನಾಯು ತೊಡೆಯ ಮುಂದೆ ಏನೂ ಅಲ್ಲ. ರೋಯಿಂಗ್‌ನಲ್ಲೂ ತೋಳು ಹಗ್ಗ, ಬೆರಳು ಕೊಕ್ಕೆ.

ಹೊರಡುವ ಸ್ಥಿತಿ: ಮೊಣಕಾಲು ಮಡಚಿ ಸೀಟು ಮುಂದೆ, ಮೊಣಕಾಲಿನಿಂದ ಕೆಳಗಿನ ಕಾಲು ನೆಲಕ್ಕೆ ನೆಟ್ಟಗೆ ಕಂಬದಂತೆ. ಅದಕ್ಕಿಂತ ಮುಂದೆ ಹೋಗಬಾರದು. ತೋಳು ಚಾಚಿದೆ, ಮೈ ಸೊಂಟದ ಕೀಲಿನಿಂದ ಮುಂದಕ್ಕೆ ವಾಲಿದೆ, ಗಡಿಯಾರದ ಮುಳ್ಳು 1ರ ಮೇಲೆ ಇದ್ದಷ್ಟು. ಬೆನ್ನು ಗೂನು ಆಗಬಾರದು. ಈಗ ಕಾಲಿಂದ ತಳ್ಳಿ. ಮೊದಲ ಅರ್ಧದಲ್ಲಿ ಕಾಲು ಬಿಟ್ಟು ಬೇರೇನೂ ಅಲುಗಬಾರದು: ಮೈ ವಾಲಿದ್ದು ಹಾಗೇ, ತೋಳು ಹಾಗೇ. ಹ್ಯಾಂಡಲ್ ಮೊಣಕಾಲಿನ ಮೇಲೆ ಬಂದಾಗ ಸೊಂಟದಿಂದ ಮೈ ಹಿಂದಕ್ಕೆ ತೆರೆಯಲಿ, 1ರಿಂದ 11ಕ್ಕೆ, ಅಷ್ಟೇ. ಕಾಲು ಪೂರ್ತಿ ನೀಟಾಗುತ್ತಿದ್ದಂತೆ ತೋಳು ಮಡಚಿ ಹ್ಯಾಂಡಲ್ಲನ್ನು ಪಕ್ಕೆಲುಬಿನ ಕೆಳತುದಿಗೆ ತಂದು ಮುಟ್ಟಿಸಿ. ಗದ್ದಕ್ಕಲ್ಲ, ಮಡಿಲಿಗೂ ಅಲ್ಲ.

ಮರಳುವಾಗ ಇದೇ ಸಾಲು ತಿರುಗಿ: ಮೊದಲು ತೋಳು ಚಾಚು, ಆಮೇಲೆ ಮೈ ಮುಂದಕ್ಕೆ ವಾಲಲಿ, ಹ್ಯಾಂಡಲ್ ಮೊಣಕಾಲು ದಾಟಿದ ಮೇಲೆಯೇ ಮೊಣಕಾಲು ಮಡಚಲಿ. ತಳ್ಳುವುದಕ್ಕೆ ಒಂದು ಪಾಲು ಸಮಯ, ಮರಳುವುದಕ್ಕೆ ಎರಡು ಪಾಲು. ಎಣಿಸುವವರು ‘ಒಂದು’ ಎಂದು ತಳ್ಳಿ, ‘ಎರಡು, ಮೂರು’ ಎನ್ನುತ್ತ ಬನ್ನಿ. ಮರಳುವ ಹೊತ್ತೇ ಉಸಿರು ತುಂಬಿಕೊಳ್ಳುವ ಹೊತ್ತು. ನೀರಿನ ಮೇಲೆ ಅದಕ್ಕೆ ಇನ್ನೊಂದು ಬೆಲೆ ಇದೆ. ಹುಟ್ಟು ನೀರಿನಿಂದ ಹೊರಗಿದ್ದಾಗ ದೋಣಿ ತನ್ನ ಪಾಡಿಗೆ ಹರಿಯುತ್ತದೆ, ಆಗ ನೀವು ಧಡಕ್ಕನೆ ಮುಂದೆ ಜಾರಿ ಬಂದರೆ ನಿಮ್ಮ ಮೈಭಾರವೇ ದೋಣಿಯ ಓಟವನ್ನು ಹಿಡಿದು ನಿಲ್ಲಿಸುತ್ತದೆ.

ಕಲಿಸುವ ಕ್ರಮ ಹೀಗಿರಲಿ. ಕಾಲು ಚಾಚಿ ಕೂತು ಬರೀ ತೋಳಿನಿಂದ 10 ಸ್ಟ್ರೋಕ್. ಆಮೇಲೆ ತೋಳು ಮತ್ತು ಮೈ, 10. ಆಮೇಲೆ ಸೀಟನ್ನು ಅರ್ಧ ದೂರ ಮಾತ್ರ ಸರಿಸಿ, 10. ಕೊನೆಗೆ ಪೂರ್ತಿ, 10. ದಿನಾ ಶುರುವಿಗೆ ಇದನ್ನು ಮಾಡಿದರೆ ಮೈ ಕಾಯುತ್ತದೆ, ಸಾಲೂ ತಲೆಗೆ ಹೋಗುತ್ತದೆ. ಕಾಲಿನ ಪಾಠಕ್ಕೆ ಮಾತ್ರ ಉಲ್ಟಾ ಹೋಗಿ: ತೋಳು ಚಾಚಿ, ಮೈ ವಾಲಿಸಿಕೊಂಡೇ, ಕಾಲೊಂದನ್ನೇ ತಳ್ಳಿ ನಿಲ್ಲಿಸುವುದು, 20 ಸಲ. ಮೊದಲ ದಿನ ಯಾರಿಗೂ ಬರುವುದಿಲ್ಲ. ಮೈ ತಾನಾಗಿ ಏಳುತ್ತದೆ.

ಎಲ್ಲಿ ತಪ್ಪುತ್ತದೆ

ಅತಿ ದೊಡ್ಡ ತಪ್ಪು: ಕಾಲು ತಳ್ಳಿದೊಡನೆ ಸೀಟು ಮಾತ್ರ ಹಿಂದೆ ಓಡುತ್ತದೆ, ಹ್ಯಾಂಡಲ್ ಇದ್ದಲ್ಲೇ ಇರುತ್ತದೆ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಹಿಡಿದು ನಿಧಾನಕ್ಕೆ ಓಡಿಸಿ ನೋಡಿ. ಸೀಟು ಒಂದು ಗೇಣು ಸರಿದರೆ ಹ್ಯಾಂಡಲ್ಲೂ ಒಂದು ಗೇಣು ಸರಿಯಬೇಕು. ಸರಿಯದಿದ್ದರೆ ಹೊಟ್ಟೆ, ಬೆನ್ನಿನ ಹಿಡಿತ ಸಡಿಲ. ಕಾಲಿನ ಬಲ ಹ್ಯಾಂಡಲ್ಲಿಗೆ ಕಟ್ಟಿದ ಚೈನಿಗೆ ಮುಟ್ಟುವ ಮೊದಲೇ ಸೋರಿಹೋಗುತ್ತದೆ, ಉಳಿದ ಕೆಲಸವನ್ನು ಸೊಂಟ ಒಂಟಿಯಾಗಿ ಮಾಡುತ್ತದೆ. ಎರಡು ವಾರಕ್ಕೆ ಸೊಂಟ ನೋವು ಅಂತ ಬಿಟ್ಟುಹೋಗುವವರಲ್ಲಿ ಬಹುಪಾಲು ಇವರೇ. ಮದ್ದು: ಸ್ಟ್ರೋಕಿನ ವೇಗವನ್ನು 16ಕ್ಕೆ ಇಳಿಸಿ, ಮೇಲೆ ಹೇಳಿದ ಕಾಲಿನ ಪಾಠ ಮತ್ತೆ ಮಾಡಿ.

ಚೈನು ಮೇಲೆ-ಕೆಳಗೆ ಬಡಿದು ‘ಟಕ್’ ಎಂದರೆ, ಮರಳುವಾಗ ಹ್ಯಾಂಡಲ್ ಮೊಣಕಾಲಿಗೆ ಅಡ್ಡ ಬಂದು ಎತ್ತಿ ದಾಟಿಸಿದ್ದೀರಿ ಅಂತ ಅರ್ಥ. ಮೊಣಕಾಲು ಬೇಗ ಎದ್ದಿದೆ. ನೀರಿನ ಮೇಲೆ ಇದೇ ತಪ್ಪಿಗೆ ಹುಟ್ಟಿನ ಎಲೆ ನೀರಿಗೆ ಬಡಿದು ದೋಣಿ ಓಲಾಡುತ್ತದೆ.

ಹಿಡಿತ ಗಟ್ಟಿಯಾದರೆ ಮುಂಗೈ ಉಬ್ಬಿ ಬಿರುಸಾಗುತ್ತದೆ, ಅಂಗೈಯಲ್ಲಿ ಬೊಬ್ಬೆ ಏಳುತ್ತವೆ. ಬೊಬ್ಬೆ ಬೆರಳಿನ ಬುಡದಲ್ಲಿ ಬಂದರೆ ಸಹಜ, ಅಂಗೈ ನಡುವೆ ಬಂದರೆ ಮುಷ್ಟಿ ಕಟ್ಟಿ ಹಿಡಿದಿದ್ದೀರಿ. ಒಡೆಯಬೇಡಿ, ತೊಳೆದು ಒಣಗಿಸಿ ಪಟ್ಟಿ ಹಾಕಿ.

ಇನ್ನೊಂದು ತಪ್ಪು ಪರದೆಯದು. ಕಲಿಯುವವರು ನಿಮಿಷಕ್ಕೆ 30 ಸ್ಟ್ರೋಕ್ ಹೊಡೆದು ಬೆವರುತ್ತಾರೆ, ಆದರೆ ಸ್ಪ್ಲಿಟ್, ಅಂದರೆ 500 ಮೀಟರಿಗೆ ಹಿಡಿಯುವ ಸಮಯ, 2:40ರಲ್ಲೇ (2 ನಿಮಿಷ 40 ಸೆಕೆಂಡ್) ನಿಂತಿರುತ್ತದೆ. ಅದೇ ಹುಡುಗಿ 20ಕ್ಕೆ ಇಳಿದು ಕಾಲು ಗಟ್ಟಿ ತಳ್ಳಿದರೆ 2:30 ಬರುತ್ತದೆ. ಸ್ಪ್ಲಿಟ್‌ನ ಹಿಂದಿನ ಲೆಕ್ಕ ತಿಳಿದರೆ ಆಸೆಪಟ್ಟು ಮೋಸ ಹೋಗುವುದಿಲ್ಲ. ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: 2:30ಕ್ಕೆ 104 ವಾಟ್, 2:15ಕ್ಕೆ 142, 2:00ಕ್ಕೆ 203. ಮೂವತ್ತು ಸೆಕೆಂಡ್ ಇಳಿಸಲು ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಅದಕ್ಕೇ ಕೊನೆಕೊನೆಗೆ ಒಂದೊಂದು ಸೆಕೆಂಡ್‌ಗೂ ತಿಂಗಳು ಬೇಕು, ನಿರಾಶೆ ಬೇಡ.

ಹನ್ನೆರಡು ವಾರ

ಮೊದಲ ಎರಡು ವಾರ, ವಾರಕ್ಕೆ ಮೂರು ದಿನ: 5 ನಿಮಿಷದ ನಾಲ್ಕು ಸುತ್ತು, ನಡುವೆ 2 ನಿಮಿಷ ವಿರಾಮ, ವೇಗ ನಿಮಿಷಕ್ಕೆ 18ರಿಂದ 20 ಸ್ಟ್ರೋಕ್. ಸ್ಪ್ಲಿಟ್ ನೋಡಲೇಬೇಡಿ, ಪರದೆಗೆ ಟವೆಲ್ ಹೊದಿಸಿದರೂ ಅಡ್ಡಿಯಿಲ್ಲ. ಮೂರು, ನಾಲ್ಕನೆಯ ವಾರ 10 ನಿಮಿಷದ ಮೂರು ಸುತ್ತು. ಐದರಿಂದ ಎಂಟರವರೆಗೆ ವಾರಕ್ಕೆ ನಾಲ್ಕು ದಿನ, ಮೂರು ದಿನ 20 ನಿಮಿಷದ ಎರಡು ಸುತ್ತು, ಒಂದು ದಿನ ವೇಗ 20ರಲ್ಲಿ 30 ನಿಮಿಷ ಎಡೆಬಿಡದೆ. ಒಂಬತ್ತರಿಂದ ಮೂರು ನಿಧಾನದ ದಿನಗಳ ಜೊತೆ ಒಂದೇ ಒಂದು ಬಿರುಸಿನ ದಿನ ಸೇರಿಸಿ: 500 ಮೀಟರಿನ ಆರು ಸುತ್ತು, ನಡುವೆ 3 ನಿಮಿಷ, ವೇಗ 26ರಿಂದ 28.

ನಿಧಾನ ಅಂದರೆ ಎಷ್ಟು? ಪಕ್ಕದವಳ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಬರಬಾರದು. ನಮ್ಮ ಹುಡುಗಿಯರಿಗೆ ಇದೇ ಕಷ್ಟ, ದಿನಾ ಸುಸ್ತಾಗಿ ಬೀಳದಿದ್ದರೆ ತಾಲೀಮೇ ಅಲ್ಲ ಅನ್ನಿಸುತ್ತದೆ. ಆದರೆ 2000 ಮೀಟರಿನ ಶ್ರಮದಲ್ಲಿ ಹೆಚ್ಚಿನ ಪಾಲು ಉಸಿರಿನ ಬಲದಿಂದ ಬರುವಂಥದ್ದು. ಆ ಬಲ ಕಟ್ಟುವುದು ಉದ್ದನೆಯ, ತಣ್ಣನೆಯ ತಾಲೀಮು. ಒಲಿಂಪಿಕ್ ಮಟ್ಟದವರ ವಾರದಲ್ಲೂ ಬಹುಪಾಲು ಕಿಲೋಮೀಟರ್ ಹೀಗೇ ಕಳೆಯುತ್ತವೆ.

ಮಷೀನ್ ಇಲ್ಲದ ದಿನ ಗರಡಿಯ ಕಸರತ್ತು ಸಾಕು. ಬಸ್ಕಿ 15ರ ನಾಲ್ಕು ಸುತ್ತು, ಹಿಮ್ಮಡಿ ಎತ್ತದೆ. ನಾಲ್ಕು ಸುತ್ತು ದಂಡ. ಅಂಗಾತ ಮಲಗಿ ಸೊಂಟ ಎತ್ತುವುದು 15ರ ಮೂರು ಸುತ್ತು. ಕುಸ್ತಿಯ ಮಣ್ಣಿನಲ್ಲಿ ಬಸ್ಕಿ ಹೊಡೆದ ಕಾಲಿಗೆ ರೋಯಿಂಗ್ ಬೇಗ ಒಲಿಯುತ್ತದೆ, ಎಳೆಯುವುದಕ್ಕಿಂತ ತಳ್ಳುವುದು ಅವರಿಗೆ ರೂಢಿ.

ಹನ್ನೆರಡನೆಯ ವಾರದ ಕೊನೆಗೆ 2000 ಮೀಟರ್ ಪರೀಕ್ಷೆ. ಹಿಂದಿನ ದಿನ ವಿಶ್ರಾಂತಿ. 9 ನಿಮಿಷದ ಗುರಿ ಇದ್ದರೆ ಹಂಚಿಕೆ ಹೀಗೆ: ಮೊದಲ 500ಕ್ಕೆ 2:14, ನಡುವಿನ ಎರಡಕ್ಕೂ 2:16, ಕೊನೆಯದಕ್ಕೆ 2:14. ಹೆಚ್ಚಿನವರು ಮೊದಲ 500ನ್ನು 2:00ಕ್ಕೆ ಹೊಡೆದು 900 ಮೀಟರಿಗೆ ಕಾಲು ಕಲ್ಲಾಗಿ, ಮೂರನೆಯ 500ರಲ್ಲಿ 2:35ಕ್ಕೆ ಬೀಳುತ್ತಾರೆ. ಮೊದಲ ಹತ್ತು ಸ್ಟ್ರೋಕ್ ಚುರುಕಾಗಿರಲಿ, ಹನ್ನೊಂದನೆಯದರಿಂದ ಲೆಕ್ಕಕ್ಕೆ ಬನ್ನಿ. ಪರೀಕ್ಷೆ ಆದ ಮೇಲೆ ನಿಧಾನದ ದಿನದ ಸ್ಪ್ಲಿಟ್ ಅದರ ಸರಾಸರಿಗಿಂತ 20 ಸೆಕೆಂಡಿನಷ್ಟು ಹೆಚ್ಚಿರಲಿ. 2:15 ಸರಾಸರಿ ಇದ್ದವಳಿಗೆ 2:35.

ಊಟ, ನೀರು, ಮೈ

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಮಷೀನ್ ಮೇಲೆ ಕೂತವರಿಗೆ ಓಡುವವರಂತೆ ಎದುರುಗಾಳಿ ಇಲ್ಲ, ಫ್ಯಾನ್ ಬೇಕೇ ಬೇಕು. ತಾಲೀಮಿನ ಮುಂಚೆ, ಆಮೇಲೆ ತೂಕ ನೋಡಿ. ಅರ್ಧ ಕೆ.ಜಿ. ಇಳಿದಿದ್ದರೆ ಸುಮಾರು ಅರ್ಧ ಲೀಟರ್ ನೀರು ಹೋಗಿದೆ, ಅದಕ್ಕಿಂತ ಸ್ವಲ್ಪ ಹೆಚ್ಚೇ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ ಇದಕ್ಕೆ ಒಳ್ಳೆಯದು.

55 ಕೆ.ಜಿ. ತೂಕದ ಹುಡುಗಿಗೆ ದಿನಕ್ಕೆ 80 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಒಂದು ದೊಡ್ಡ ಲೋಟ ಹಾಲಿಗೆ 8 ಗ್ರಾಂ, ಒಂದು ಮೊಟ್ಟೆಗೆ 6, ಒಂದು ಹಿಡಿ ಶೇಂಗಾಕ್ಕೆ 7. ಎರಡು ಜೋಳದ ರೊಟ್ಟಿ, ದೊಡ್ಡ ಬಟ್ಟಲು ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು: ಇದು ರೋಯರ್‌ಗೆ ಹೇಳಿ ಮಾಡಿಸಿದ ಊಟ. ಪಲ್ಯವನ್ನು ನಂಚಿಕೊಳ್ಳುವಷ್ಟು ಹಾಕಿಕೊಂಡರೆ ಲೆಕ್ಕ ಕೂಡುವುದಿಲ್ಲ, ರೊಟ್ಟಿಗೆ ಸಮ ಸಮ ಇರಲಿ.

ಒಂದು ಮಾತು ತಾಯಂದಿರಿಗೂ ಮೇಷ್ಟ್ರುಗಳಿಗೂ. ತಾಲೀಮು ಏರಿದಾಗ ಊಟ ಏರದಿದ್ದರೆ ಮುಟ್ಟು ನಿಲ್ಲಬಹುದು. ಅದನ್ನು ‘ಆಟ ಆಡುವವರಿಗೆ ಹಂಗ ಆಗತದ’ ಅಂತ ಬಿಡಬೇಡಿ. ಮೂರು ತಿಂಗಳು ಬಾರದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಎಲುಬು ಸವೆಯಲು ಅಲ್ಲಿಂದಲೇ ಶುರು. ಪಕ್ಕೆಲುಬಿನ ಸೀಳು ರೋಯರ್‌ಗಳಲ್ಲಿ ಪದೇ ಪದೇ ಕಾಣುವ ಗಾಯ. ತಾಲೀಮಿನ ಹೊತ್ತನ್ನು ಒಮ್ಮೆಲೇ ಏರಿಸಿದಾಗ ಬರುತ್ತದೆ. ಉಸಿರು ಎಳೆದಾಗ, ಸೀನಿದಾಗ, ಮಗ್ಗುಲು ಬದಲಿಸಿದಾಗ ಒಂದೇ ಜಾಗದಲ್ಲಿ ಚುಚ್ಚಿದರೆ ಅಂದೇ ನಿಲ್ಲಿಸಿ. ಉಜ್ಜಿಸಿಕೊಳ್ಳಲು ಹೋಗಬೇಡಿ.

ಮಷೀನಿನಿಂದ ನೀರಿಗೆ

ಒಲಿಂಪಿಕ್ ಮಾದರಿಯ ಓಟಕ್ಕೆ 2000 ಮೀಟರ್ ನೇರ ನೀರು, ಆರು ಸಾಲು, ಪ್ರತಿ ಸಾಲು 13 ಮೀಟರಿನಷ್ಟು ಅಗಲ ಬೇಕು. ಸ್ವಿಟ್ಜರ್ಲೆಂಡಿನ ಲ್ಯೂಸರ್ನ್ ಹತ್ತಿರದ ರೋಟ್ಸೇ ಎಂಬ ಕೆರೆ ನಿಸರ್ಗವೇ ಅಳತೆ ಹಿಡಿದು ಮಾಡಿದಂತಿದೆ: ಉದ್ದ, ಕಿರಿದು, ಗುಡ್ಡಗಳ ಮರೆಯಲ್ಲಿ ಗಾಳಿ ಕಡಿಮೆ. ಉಣಕಲ್, ಕೆಲಗೇರಿ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ನೋಡಿ ಆಸೆ ಹುಟ್ಟುವುದು ಸಹಜ. ಆದರೆ ತಾವಾಗಿಯೇ ದೋಣಿ ಇಳಿಸುವ ಮಾತು ಬೇಡ. ಅಂತರಗಂಗೆ ಇದ್ದ ನೀರಿನಲ್ಲಿ ದೋಣಿಯ ಅಡಿಯ ರೆಕ್ಕೆಗೆ ಬೇರು ಸುತ್ತಿಕೊಂಡು ದೋಣಿ ಒಮ್ಮೆಲೇ ನಿಲ್ಲುತ್ತದೆ, ಕೂತವಳು ನೀರಿಗೆ. ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಗೊತ್ತಿದ್ದವರೂ ಹೊಸಬರೇ. ಹರಿಗೋಲು ದುಂಡಗೆ, ತಾನಾಗಿ ನಿಲ್ಲುತ್ತದೆ. ಸ್ಕಲ್ ದೋಣಿಯ ಅಗಲ ಕೂತವರ ಸೊಂಟಕ್ಕಿಂತ ಹೆಚ್ಚೇನಿಲ್ಲ, ಎರಡೂ ಹುಟ್ಟು ಬಿಟ್ಟ ಕ್ಷಣ ಮಗುಚುತ್ತದೆ. ಮೇಲಾಗಿ ಕೂಡುವುದು ಹೋಗುವ ದಿಕ್ಕಿಗೆ ಬೆನ್ನು ಮಾಡಿ.

ನೀರಿಗೆ ಇಳಿಯುವ ಮೊದಲು ಈಜುಕೊಳದಲ್ಲಿ ಮೈಮೇಲಿನ ಬಟ್ಟೆ ಸಮೇತ 100 ಮೀಟರ್ ಈಜಲು, ಎರಡು ನಿಮಿಷ ನಿಂತಲ್ಲೇ ತೇಲಲು ಬರಬೇಕು. ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಬಾರದು. ಖಾಲಿ ದೋಣಿ ಮುಳುಗುವುದಿಲ್ಲ, ಅದನ್ನೇ ತಬ್ಬಿ ಹಿಡಿದು ಕಾಲು ಬಡಿಯುತ್ತ ಬರಬೇಕು.

ದೋಣಿಯ ತರಬೇತಿಗೆ ಊರು ಬಿಡಲೇಬೇಕು. ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ರೋಯಿಂಗ್ ಕೇಂದ್ರವಿದೆ, ಭೋಪಾಲದ ಕೆರೆಯಲ್ಲಿ ಮಧ್ಯಪ್ರದೇಶ ಸರ್ಕಾರದ ಜಲಕ್ರೀಡಾ ಅಕಾಡೆಮಿ ಇದೆ. ಭಾರತೀಯ ರೋಯಿಂಗ್ ಫೆಡರೇಶನ್ ಮಷೀನ್ ಮೇಲಿನ ಒಳಾಂಗಣ ಚಾಂಪಿಯನ್‌ಶಿಪ್ ಕೂಡ ನಡೆಸುತ್ತದೆ. ನೀರೇ ಇಲ್ಲದ ಊರಿನ ಹುಡುಗಿಗೆ ಅದು ತೆರೆದ ಬಾಗಿಲು. ಆಯ್ಕೆಗೆ ಹೋಗುವಾಗ ನಾಲ್ಕು ಸಂಖ್ಯೆ ಬರೆದುಕೊಂಡು ಹೋಗಿ: ಎತ್ತರ, ಎರಡೂ ತೋಳು ಚಾಚಿದಾಗ ಬೆರಳತುದಿಯಿಂದ ಬೆರಳತುದಿಗೆ ಅಳತೆ, ತೂಕ, ಡ್ರ್ಯಾಗ್ ಫ್ಯಾಕ್ಟರ್ ಸಮೇತ 2000 ಮೀಟರ್ ಸಮಯ. ಜೂನಿಯರ್ ವರ್ಗ 18 ತುಂಬುವ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಆಮೇಲೆ 23ರೊಳಗಿನವರ ವರ್ಗ. ಹದಿನಾರಕ್ಕೆ ಶುರು ಮಾಡಿದವರಿಗೂ ತಡವಾಗಿಲ್ಲ. ಗ್ಮೆಲಿನ್ ವಿಶ್ವ ಚಾಂಪಿಯನ್ ಆದಾಗ ಅವಳಿಗೆ 27.

ಕೊನೆಗೆ, ಜಿಮ್ ಮಷೀನಿನ ಆರೈಕೆ. ದಿನಾ ತಾಲೀಮು ಮುಗಿದ ಮೇಲೆ ಸೀಟು ಓಡುವ ಕಂಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕಪ್ಪು ಜಿಡ್ಡು ನಿಂತರೆ ಸೀಟು ಕಟಕಟ ಎನ್ನುತ್ತದೆ. 50 ತಾಸಿಗೊಮ್ಮೆ ಚೈನನ್ನು ಒಣ ಬಟ್ಟೆಯಿಂದ ಒರೆಸಿ ಒಂದು ಚಮಚ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯನ್ನು ಬಟ್ಟೆಗೆ ಹಾಕಿ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಕೊಬ್ಬರಿ ಎಣ್ಣೆ, ಗ್ರೀಸ್ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ಹ್ಯಾಂಡಲ್ಲನ್ನು ಕೈಬಿಟ್ಟು ಹಾರಗೊಡಬೇಡಿ, ಚೈನು ತಿರುಚಿಕೊಂಡು ಹಲ್ಲು ತಪ್ಪುತ್ತದೆ. ಕೊಕ್ಕೆಯ ತನಕ ಕೈಯಲ್ಲೇ ಒಯ್ದು ಇಡಿ.